ಮ್ಯೂಸಿಯಂ ಸೇರಿದ ಮರದ ಸೌಟು

(ನಗರದ ಓದುಗರ ಬಳಗವೊಂದರಲ್ಲಿ ಈಚೆಗೆ ನಮ್ಮ ವರದಿಗಾರ್ತಿ ಮಾಡಿದ ಉಪನ್ಯಾಸದ ಬರಹರೂಪ)



‘ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸ’ ಎಂಬ ವಿಷಯ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದ ಮರುದಿನವೇ ಬಳಗದ ಹಿರಿಯರೊಬ್ಬರು ನನಗೆ ಫೋನ್ ಮಾಡಿ, ‘ಮಾತಾಡೋದಕ್ಕೆ ಬೇರೆ ಏನೂ ಸಿಗಲಿಲ್ಲವೇನಮ್ಮಾ?’ ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಕುಡಿತದಿಂದ ಮನೆಗಳು ಹಾಳಾದದ್ದನ್ನು ಕಣ್ಣಾರೆ ಕಂಡ ರಾಜ್ಯ ನಮ್ಮದು. 2007ರಲ್ಲಿ ಸಾರಾಯಿ ನಿಷೇಧವಾದಾಗ ಹಳ್ಳಿಯ ಹೆಂಗಸರು ಯಾಕೆ ನಿಟ್ಟುಸಿರು ಬಿಟ್ಟರು ಎಂಬುದನ್ನು ನನ್ನ ಅಜ್ಜಿಯ ಬಾಯಿಂದಲೇ ಕೇಳಿದ್ದೇನೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಕುಡಿಯಿರಿ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಅಡುಗೆಮನೆಯ ಕಸುಬೊಂದು ಕಾನೂನಿನ ಕೈಗೆ ಸಿಕ್ಕಿ ಮನೆಯಿಂದ ಹೊರಬಿದ್ದು, ಮತ್ತೆ ಮನೆಗೆ ಮರಳಿದ ಕಥೆಯನ್ನು ಹೇಳಲು ಬಂದಿದ್ದೇನೆ.

ವಾಷಿಂಗ್ಟನ್ ನಗರದಲ್ಲಿರುವ ಅಮೆರಿಕದ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂ ತನ್ನ ಸಂಗ್ರಹದಲ್ಲಿ ಒಂದು ಮರದ ಸೌಟನ್ನು ಇಟ್ಟುಕೊಂಡಿದೆ. ಅದು ರಾಜರದ್ದಲ್ಲ, ಅಧ್ಯಕ್ಷರದ್ದೂ ಅಲ್ಲ. ಕೊಲೊರಾಡೊ ರಾಜ್ಯದ ಬೌಲ್ಡರ್ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಚಾರ್ಲಿ ಪಪೇಜಿಯನ್ ಎಂಬುವರು ಬಿಯರ್ ಕುದಿಸುವಾಗ ಕೈಯಾಡಿಸುತ್ತಿದ್ದ ಸೌಟು ಅದು. ಒಂದು ಸೌಟು ಮ್ಯೂಸಿಯಂ ಸೇರುವಷ್ಟು ದೊಡ್ಡ ಸಂಗತಿ ಏನು ನಡೆಯಿತು?

ಅದನ್ನು ತಿಳಿಯಬೇಕಾದರೆ ಮೊದಲು ಬಿಯರ್ ಆಗುವ ಬಗೆಯನ್ನು ನೋಡಬೇಕು. ಅದರ ಮೊದಲ ಹೆಜ್ಜೆ ನಮ್ಮ ಮನೆಗಳಿಗೆ ಹೊಸದಲ್ಲ. ಕೂಸಿಗೆ ರಾಗಿ ಸರಿ ಮಾಡುವ ತಾಯಂದಿರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸುತ್ತಾರೆ. ಮೊಳಕೆ ಒಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಹುಟ್ಟುತ್ತವೆ. ಆ ಹಿಟ್ಟಿನ ಗಂಜಿ ತೆಳ್ಳಗೆ, ಸಿಹಿಯಾಗಿ, ಕೂಸಿಗೆ ಸುಲಭವಾಗಿ ಅರಗುವಂತೆ ಇರುವುದು ಅದರಿಂದಲೇ. ಬಾರ್ಲಿಗೂ ಇದನ್ನೇ ಮಾಡಿದರೆ ಅದು ಬಿಯರಿನ ಮಾಲ್ಟ್.

ಮುಂದಿನ ಹಾದಿ ಬೇರೆ. ತರಿಯಾಗಿ ಒಡೆದ ಮಾಲ್ಟನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಸುಮಾರು ಒಂದು ಗಂಟೆ ಇಡುತ್ತಾರೆ. ಬಿಸಿ ತೀರ ಏರಿದರೆ ಕಿಣ್ವಗಳು ಸಾಯುತ್ತವೆ. ಸೋಸಿದಾಗ ಬರುವ ಸಿಹಿ ದ್ರವವನ್ನು ಹಾಪ್ಸ್ ಎಂಬ ಬಳ್ಳಿಯ ಹೂಗಳೊಂದಿಗೆ ಸಾಮಾನ್ಯವಾಗಿ ಒಂದು ಗಂಟೆ ಕುದಿಸುತ್ತಾರೆ. ಬಿಯರಿನ ಕಹಿ, ಕಂಪು ಎರಡೂ ಈ ಹೂವಿನ ಕೊಡುಗೆ. ಕೆಡದಂತೆ ಕಾಯುವುದೂ ಅದೇ. ಬಳಿಕ ಬೇಗನೆ ತಣಿಸಿ ಯೀಸ್ಟ್ ಬೆರೆಸಿದರೆ, ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ‘ಏಲ್’ ಎಂಬ ಬಗೆಗೆ 20 ಡಿಗ್ರಿಯ ಆಸುಪಾಸು, ‘ಲಾಗರ್’ ಎಂಬುದಕ್ಕೆ 10 ಡಿಗ್ರಿಯ ಆಸುಪಾಸು ತಂಪು ಬೇಕು.

ಹವ್ಯಾಸಿಯ ಸಾಮಾನುಗಳೂ ದೊಡ್ಡವಲ್ಲ: ಇಪ್ಪತ್ತು–ಮೂವತ್ತು ಲೀಟರಿನ ಒಂದು ಪಾತ್ರೆ, ಮುಚ್ಚಳವಿರುವ ಒಂದು ಬಕೆಟ್, ಒಳಗಿನ ಗಾಳಿ ಹೊರಹೋಗಲು ಬಿಟ್ಟು ಹೊರಗಿನದು ಒಳಬಾರದಂತೆ ತಡೆಯುವ ನೀರಿನ ಕೊಳವೆ, ಥರ್ಮಾಮೀಟರ್, ಸೀಸೆಗಳು ಮತ್ತು ಹೈಡ್ರೋಮೀಟರ್. ಈ ಕೊನೆಯದು ಹಾಲಿನ ಡೇರಿಯಲ್ಲಿ ನೀವು ಕಂಡಿರುವ ಲ್ಯಾಕ್ಟೋಮೀಟರಿನ ದಾಯಾದಿ. ನೀರಿನಲ್ಲಿ ಅದು 1.000 ತೋರಿಸಿದರೆ, ಹುದುಗುವ ಮೊದಲಿನ ಸಿಹಿ ದ್ರವದಲ್ಲಿ 1.050 ತೋರಿಸಬಹುದು. ಹುದುಗಿದ ಮೇಲೆ ಅದು 1.010ಕ್ಕೆ ಇಳಿದಿದ್ದರೆ, ವ್ಯತ್ಯಾಸವನ್ನು 131ರಿಂದ ಗುಣಿಸಿದಾಗ ಮದ್ಯಸಾರ ಸುಮಾರು 5.2 ಶೇಕಡಾ ಎಂದು ತಿಳಿಯುತ್ತದೆ. ಸೀಸೆಗೆ ತುಂಬುವಾಗ ನೊರೆಗಾಗಿ 19 ಲೀಟರಿಗೆ 120 ಗ್ರಾಂನಷ್ಟು ಸಕ್ಕರೆ ಸೇರಿಸುತ್ತಾರೆ. ಕೈತಪ್ಪಿ ಹೆಚ್ಚಾದರೆ ಸೀಸೆಗಳೇ ಸಿಡಿಯುತ್ತವೆ. ಕುದಿಸಿದ ಮೇಲೆ ತಾಗುವ ಪ್ರತಿಯೊಂದು ಪಾತ್ರೆಯೂ ಕ್ರಿಮಿರಹಿತವಾಗಿರಬೇಕು. ಬಿಯರ್ ಹುಳಿಯುವುದಕ್ಕೆ ಬೇಡದ ಸೂಕ್ಷ್ಮಜೀವಿಗಳು ಕಾರಣ ಎಂದು ಲೂಯಿ ಪಾಶ್ಚರ್ 1876ರಲ್ಲಿ ಪುಸ್ತಕವನ್ನೇ ಬರೆದರು.

ಇನ್ನು ಇತಿಹಾಸಕ್ಕೆ ಬರೋಣ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಏಲ್ ಮಾಡುವುದು ಬಹುಮಟ್ಟಿಗೆ ಹೆಂಗಸರ ಮನೆಗೆಲಸವಾಗಿತ್ತು. ರೊಟ್ಟಿ ಸುಟ್ಟಂತೆ ಅದೂ ಒಂದು. ಮಿಕ್ಕದ್ದನ್ನು ನೆರೆಯವರಿಗೆ ಮಾರುತ್ತಿದ್ದರು. ವ್ಯಾಪಾರ ಬೆಳೆದು ಬಂಡವಾಳ ಬೇಡತೊಡಗಿದಂತೆ ಕಸುಬು ಗಂಡಸರ ಕೈಗೂ ಆಮೇಲೆ ಕಾರ್ಖಾನೆಗೂ ಹೋಯಿತು. ಅದರ ಹಿಂದೆಯೇ ತೆರಿಗೆ ಬಂತು. ಬ್ರಿಟನ್ 1880ರಲ್ಲಿ ಮಾಲ್ಟಿನ ಮೇಲಿನ ತೆರಿಗೆ ತೆಗೆದು ಬಿಯರಿನ ಮೇಲೆ ಸುಂಕ ಹಾಕಿದಾಗ, ಮನೆಯಲ್ಲಿ ಮಾಡಿಕೊಳ್ಳುವವರೂ ಲೈಸೆನ್ಸ್ ಪಡೆಯಬೇಕಾಯಿತು. ಆ ನಿಯಮವನ್ನು ತೆಗೆದುಹಾಕಿದವರು 1963ರಲ್ಲಿ ಹಣಕಾಸು ಮಂತ್ರಿಯಾಗಿದ್ದ ರೆಜಿನಾಲ್ಡ್ ಮಾಡ್ಲಿಂಗ್.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧವಿತ್ತು. ಆಗ ಬಿಯರ್ ಕಂಪೆನಿಗಳೇ ಅಡಿಗೆಗೆಂದು ಹೇಳಿ ಡಬ್ಬಿಗಳಲ್ಲಿ ಮಾಲ್ಟಿನ ಪಾಕ ಮಾರಿದವು. ಅದು ಯಾವ ಅಡಿಗೆಗೆ ಹೋಯಿತು ಎಂಬುದು ಎಲ್ಲರಿಗೂ ತಿಳಿದಿತ್ತು! ನಿರೋಧ ಮುಗಿದ ಮೇಲೆ ಮನೆಯ ವೈನಿಗೆ ವಿನಾಯಿತಿ ದೊರೆಯಿತು, ಮನೆಯ ಬಿಯರಿಗೆ ದೊರೆಯಲಿಲ್ಲ. ಜನ ಕದ್ದುಮುಚ್ಚಿ ಮಾಡಿಕೊಂಡರು. ಕದ್ದು ಮಾಡುವ ಕೆಲಸದಲ್ಲಿ ಒಬ್ಬರ ತಪ್ಪಿನಿಂದ ಇನ್ನೊಬ್ಬರು ಕಲಿಯುವುದು ಹೇಗೆ?

1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಸಹಿ ಹಾಕಿದರು. ಅದರ ತಲೆಬರಹದಲ್ಲಿ ಮೊದಲು ಬರುವುದು ಲಾರಿ, ಬಸ್ಸು, ಟ್ರಾಕ್ಟರುಗಳ ಮೇಲಿನ ಸುಂಕ. ಅದರೊಳಗೆ, ಕ್ಯಾಲಿಫೋರ್ನಿಯಾದ ಸೆನೆಟರ್ ಅಲನ್ ಕ್ರಾನ್‌ಸ್ಟನ್ ಅವರ ತಿದ್ದುಪಡಿಯಿಂದಾಗಿ, ಮನೆಯ ಬಿಯರೂ ಸೇರಿಕೊಂಡಿತ್ತು. ವಯಸ್ಕರೊಬ್ಬರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಆದರೆ ಮಾರುವಂತಿಲ್ಲ. ಭಟ್ಟಿ ಇಳಿಸುವುದಕ್ಕೆ ಆ ಕಾನೂನು ಅವಕಾಶ ಕೊಡಲಿಲ್ಲ. ರಾಜ್ಯಗಳು ತಮ್ಮದೇ ಹೊತ್ತಿಗೆ ಒಪ್ಪಿದವು. ಕೊನೆಯ ಎರಡಾದ ಮಿಸಿಸಿಪ್ಪಿ ಮತ್ತು ಅಲಬಾಮಾ ಒಪ್ಪಿದ್ದು 2013ರಲ್ಲಿ.

ಈಗ ಪಪೇಜಿಯನ್ ಅವರ ಸೌಟಿಗೆ ಮರಳೋಣ. ಅವರು 1978ರಲ್ಲೇ ಗೆಳೆಯರೊಂದಿಗೆ ಮನೆಬಿಯರ್ ತಯಾರಕರ ಸಂಘ ಕಟ್ಟಿ, ಪತ್ರಿಕೆ ಹೊರಡಿಸಿದರು. 1984ರಲ್ಲಿ ಅವರ ಕೈಪಿಡಿ ಬಂತು. ಕದ್ದು ಮಾಡುತ್ತಿದ್ದವರು ಬಾಗಿಲು ತೆರೆದರು, ಸಭೆ ಸೇರಿದರು, ಸ್ಪರ್ಧೆ ನಡೆಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಬರೆದಿಟ್ಟರು. ಎಷ್ಟು ಮಾಲ್ಟ್, ಎಷ್ಟು ಡಿಗ್ರಿ, ಎಷ್ಟು ದಿನ, ಎಲ್ಲಿ ಕೆಟ್ಟಿತು. ಕ್ಯಾಲಿಫೋರ್ನಿಯಾದ ಚಿಕೊ ಊರಿನಲ್ಲಿ ಹವ್ಯಾಸಿಗಳಿಗೆ ಸಾಮಾನು ಮಾರುವ ಅಂಗಡಿ ಇಟ್ಟಿದ್ದ ಕೆನ್ ಗ್ರಾಸ್‌ಮನ್, ಹಾಲಿನ ಡೇರಿಗಳ ಹಳೆಯ ಪಾತ್ರೆಗಳನ್ನು ಜೋಡಿಸಿ 1980ರಲ್ಲಿ ಸಿಯೆರಾ ನೆವಾಡಾ ಬಿಯರ್ ಕುದಿಸಿದರು. 1978ರಲ್ಲಿ ಆ ದೇಶದಲ್ಲಿದ್ದ ಬಿಯರ್ ತಯಾರಿಕಾ ಘಟಕಗಳು ನೂರಕ್ಕೂ ಕಡಿಮೆ. 2022ರ ವೇಳೆಗೆ ಅವು ಒಂಬತ್ತು ಸಾವಿರ ಮೀರಿದ್ದವು. ಅವುಗಳಲ್ಲಿ ಎಷ್ಟೋ ಘಟಕಗಳನ್ನು ಕಟ್ಟಿದವರು ಮನೆಯ ಒಲೆಯ ಮೇಲೆ ಕಲಿತವರು.

ನೋಟುಪುಸ್ತಕದ ಕೆಲಸ ಈಗ ಕಂಪ್ಯೂಟರಿಗೆ ಬಂದಿದೆ. ಬಿಯರ್‌ಸ್ಮಿತ್, ಬ್ರೂಫಾದರ್ ಮುಂತಾದ ಸಾಫ್ಟ್‌ವೇರ್‌ಗಳಿಗೆ ಸಾಮಗ್ರಿಯ ಪಟ್ಟಿ ಕೊಟ್ಟರೆ ಸಾಕು. ಮದ್ಯಸಾರ, ಬಣ್ಣ, ಕಹಿಯ ಪ್ರಮಾಣಗಳ ಅಂದಾಜನ್ನು ಮೊದಲೇ ಹೇಳುತ್ತವೆ. ಹಾಪ್ಸ್ ಕುದಿದಷ್ಟೂ ಕಹಿ ಎಷ್ಟು ಇಳಿಯುತ್ತದೆ ಎಂಬ ಲೆಕ್ಕಕ್ಕೆ ಇವು ಬಳಸುವ ಒಂದು ಸೂತ್ರ, 1990ರ ದಶಕದಲ್ಲಿ ಗ್ಲೆನ್ ಟಿನ್‌ಸೆತ್ ಎಂಬ ಹವ್ಯಾಸಿ ಕೊಟ್ಟದ್ದು.

ನಮ್ಮಲ್ಲಿ? ಕರ್ನಾಟಕ ಅಬಕಾರಿ ಕಾಯ್ದೆ, 1965ರಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರೂ ಆ ಸಾಲಿಗೇ ಸೇರುತ್ತದೆ. ಆದ್ದರಿಂದ ಯಾರೂ ನನ್ನ ಮಾತು ಕೇಳಿ ಮನೆಗೆ ಹೋಗಿ ಪಾತ್ರೆ ಏರಿಸಬೇಡಿ. ಕಾನೂನು ಬದಲಾಗಬೇಕೇ ಬೇಡವೇ ಎಂಬ ಬಗ್ಗೆ ಈ ಸಭೆಯಲ್ಲೇ ಎರಡು ಅಭಿಪ್ರಾಯಗಳಿರಬಹುದು. ಫೋನ್ ಮಾಡಿದ ಹಿರಿಯರ ಅಭಿಪ್ರಾಯವನ್ನು ನಾನು ಗೌರವಿಸುತ್ತೇನೆ.

ಆದರೆ ಈ ವಿಷಯಕ್ಕೆ ಓದುತ್ತಿದ್ದಾಗ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ರಾಗಿ ಮೊಳಕೆ ಎಷ್ಟು ಉದ್ದ ಬಂದಾಗ ಬಿಸಿಲಿಗೆ ಹಾಕಬೇಕು, ಎಷ್ಟು ಹುರಿಯಬೇಕು ಎಂಬುದು ನನ್ನ ಅಜ್ಜಿಯ ಬೆರಳಿಗೆ ಗೊತ್ತಿತ್ತು. ಅಂಬಲಿ ಹುಳಿ ಹಿಡಿದ ಹದ ಅವರ ಮೂಗಿಗೆ ಗೊತ್ತಿತ್ತು. ಅದನ್ನು ಯಾವ ಕಾನೂನೂ ತಡೆದಿರಲಿಲ್ಲ. ಆದರೂ ನಾವು ಯಾರೂ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ನನ್ನ ಅಕ್ಕನ ಮಗುವಿಗೆ ಅಂಗಡಿಯಿಂದ ಪೊಟ್ಟಣ ತಂದೆವು.

ಅವರು ಒಂದು ಸೌಟನ್ನು ಮ್ಯೂಸಿಯಂನಲ್ಲಿ ಇಟ್ಟುಕೊಂಡರು. ಇಲ್ಲಿರುವ ತಾಯಂದಿರಲ್ಲಿ, ಅಜ್ಜಿಯರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ರಾಗಿಯ ಲೆಕ್ಕವನ್ನು ಈ ವಾರ ಮೊಮ್ಮಕ್ಕಳ ಕೈಯಲ್ಲಿ ಒಂದು ಹಾಳೆಗೆ ಬರೆಸಿಡಿ. ನಾನು ಒಂದು ವರ್ಷ ತಡಮಾಡಿದೆ.