ಮೊದಲು ಓದಿ, ಆಮೇಲೆ ಸಹಿ



ಹಿಂದೂ ಕುಟುಂಬದಲ್ಲಿ ಇನ್ನೂ ಭಾಗವಾಗದ ಪಿತ್ರಾರ್ಜಿತ ಆಸ್ತಿ ಇದ್ದರೆ, ಮಗನಷ್ಟೇ ಪಾಲು ಮಗಳಿಗೂ ಉಂಟು. 2005ರ ಕಾನೂನು ಹೀಗೆ ಹೇಳುತ್ತೆ. ಮದುವೆಯಾಗಿ ಹೋದರೂ ಆ ಹಕ್ಕು ಹೋಗೋದಿಲ್ಲ.

"ಅಕ್ಕಾ, ಇಲ್ಲೊಂದು ಸಹಿ ಹಾಕು" ಅಂತ ತಮ್ಮ ಕಾಗದ ತರಬಹುದು. ಅದು ಹಕ್ಕು ಬಿಡುಗಡೆ ಪತ್ರ ಇರಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದು ನೋಂದಣಿ ಆದರೆ ನಿಮ್ಮ ಪಾಲು ಹೋಯಿತು. ಮೋಸ ಆಗಿದ್ದರೆ ಕೋರ್ಟಿಗೆ ಅಲೆಯಬೇಕು.

ತವರು ಬೇಕು, ನಿಜ. ಪಾಲು ಬಿಟ್ಟುಕೊಡೋದು ನಿಮ್ಮ ಇಷ್ಟ. ಆದರೆ ತಿಳಿದುಕೊಂಡು ಕೊಡಿ. ಯಾವ ಸರ್ವೆ ನಂಬರು? ಎಷ್ಟು ಗುಂಟೆ? ಹಣ ಕೊಡ್ತಾರಾ? ಕಾಗದದಲ್ಲಿ ಬರೆದಿದೆಯಾ?

ಅರ್ಥವಾಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಹೆಂಗಸರಿಗೆ ಅಲ್ಲಿ ಸಲಹೆ ಉಚಿತ.

ಈಗ ನಿಮಗೆ ಓದು ಬರುತ್ತೆ. ಓದದೆ ಸಹಿ ಹಾಕಬೇಡಿ.