ಗೆರೆಗೆ ಬೆಂಬಲ ಬೇಕು

ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ 1954ರಲ್ಲಿ 'ಮಾನವ್' ಎಂಬ ಮಕ್ಕಳ ಪತ್ರಿಕೆ ತಂದರು. ಅದು ಉಳಿಯಲಿಲ್ಲ. ಅವರು ಕೈಚೆಲ್ಲಲಿಲ್ಲ, 1967ರಲ್ಲಿ 'ಅಮರ ಚಿತ್ರಕಥೆ' ಎಂಬ ಕಾಮಿಕ್ಸ್ ಮಾಲಿಕೆ ಆರಂಭಿಸಿ ಮನೆಮಾತಾದರು.

ಅಂಥ ಛಲ ಇಂದೂ ಇದೆ. ಬೆಂಗಳೂರಿನ ಕಾಮಿಕ್ಸ್ ಮೇಳವಾದ ಕಾಮಿಕ್ ಕಾನ್‌ನಲ್ಲಿ ದೊಡ್ಡ ಕಂಪನಿಗಳ ಮಳಿಗೆಗಳ ನಡುವೆ ಸ್ವತಂತ್ರ ಕಲಾವಿದರೂ ಪುಟ್ಟ ಮೇಜು ಹಾಕುತ್ತಾರೆ. ಕಥೆ ತಮ್ಮದು, ಗೆರೆ ತಮ್ಮದು, ಅಚ್ಚಿನ ಖರ್ಚೂ ತಮ್ಮದೇ. ಓದುಗರು ಎದುರಿಗೇ ಪುಟ ತಿರುವುತ್ತಾರೆ. ಹೊಗಳಿಕೆ, ತೆಗಳಿಕೆ ಎರಡೂ ಅಲ್ಲೇ ಸಿಗುತ್ತವೆ.

ಅಂಥ ಕಲಾವಿದರು ನಮ್ಮಲ್ಲೂ ಬೆಳೆಯಬಹುದು. ನಮ್ಮ ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವೇ ಇದೆ. ಚಿತ್ರ ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಬೆನ್ನು ತಟ್ಟುವ ಕೈಗಳು ಹೆಚ್ಚಬೇಕು. ನಿಮ್ಮ ಮನೆಯ ಮಗು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಚಿತ್ರ ಬರೆದರೆ ಗದರಬೇಡಿ. ಪಕ್ಕದಲ್ಲಿ ಕೂತು, ಮುಂದಿನ ಕಥೆ ಏನೆಂದು ಕೇಳಿ.