ಜನರೇಟರಿಗೆ ಹೊಸ ಕಾರ್ಬ್ಯುರೇಟರ್ ಹಾಕಿಸುವ ಮುನ್ನ



2005ರ ನಂತರದ ಲೋಡ್ ಶೆಡ್ಡಿಂಗ್ ದಿನಗಳನ್ನು ಡೊಂಬಿವಲಿ, ಕಲ್ಯಾಣದವರು ಮರೆತಿರಲಿಕ್ಕಿಲ್ಲ. ದಾದರ್, ಮಾಟುಂಗದಲ್ಲಿ ದೀಪ ಉರಿಯುತ್ತಿದ್ದರೆ ನಮ್ಮ ಕಡೆ ಗಂಟೆಗಟ್ಟಲೆ ಕತ್ತಲೆ. ಆಗ ಕೊಂಡ ಸಣ್ಣ ಪೆಟ್ರೋಲ್ ಜನರೇಟರುಗಳು ಕೆಲವು ಹೋಟೆಲು, ಅಂಗಡಿಗಳ ಹಿಂಬದಿಯಲ್ಲಿ ಇನ್ನೂ ಇವೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಮಾತ್ರ ಅವುಗಳ ನೆನಪು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಜೆಟ್ಟನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಭಾಗಗಳೂ ಬೇಗ ಹಾಳಾಗಬಹುದು.

ನಮ್ಮ ಭಾವನ ಹೋಟೆಲಿನಲ್ಲಿ ನಡೆದದ್ದು ಹೇಳುತ್ತೇನೆ. ಹೊಸ ಕಾರ್ಬ್ಯುರೇಟರ್ ಹಾಕಿದ ಮೆಕ್ಯಾನಿಕ್, ಗ್ರೈಂಡರು, ಫ್ರಿಜ್ಜು ಎಲ್ಲ ಹಚ್ಚಿ ತೋರಿಸಿದ; ಸರಿಯಾಗಿಯೇ ಓಡಿತು. ರಾತ್ರಿ ಗ್ರೈಂಡರು, ಫ್ರಿಜ್ಜು ನಿಲ್ಲಿಸಿ ಬರೀ ದೀಪಗಳು ಉಳಿದಾಗ ಎಂಜಿನ್ ಅರಚತೊಡಗಿತು. ನೋಡುನೋಡುತ್ತಲೇ ಟ್ಯೂಬ್‌ಲೈಟುಗಳು ಹೋದವು, ಟೀವಿಯೂ ಹೋಯಿತು.

ಕಾರಣ ಇಷ್ಟೇ. ಸ್ಕೂಟರಿನಲ್ಲಿ ಎಕ್ಸಿಲರೇಟರ್ ನಮ್ಮ ಕೈಯಲ್ಲಿರುತ್ತದೆ. ಜನರೇಟರಿನಲ್ಲಿ ಆ ಕೈ ಗವರ್ನರಿನದು. ಎಂಜಿನ್ ವೇಗವಾದಂತೆ ಒಳಗಿನ ಸಣ್ಣ ತೂಕಗಳು ಹೊರಕ್ಕೆ ಚಾಚಿ, ತೋಳು ಮತ್ತು ಕಂಬಿಯ ಮೂಲಕ ಥ್ರಾಟಲನ್ನು ಮುಚ್ಚುತ್ತವೆ; ಸ್ಪ್ರಿಂಗು ತೆರೆಯಲು ಎಳೆಯುತ್ತದೆ. ಈ ಜಗ್ಗಾಟದಿಂದಲೇ ನಿಮಿಷಕ್ಕೆ ಸುಮಾರು 3000 ಸುತ್ತು, ಅಂದರೆ 50 ಹರ್ಟ್ಸ್ ನಿಲ್ಲುವುದು. ಭಾವನ ಹೊಸ ಕಾರ್ಬ್ಯುರೇಟರಿನ ತೂತಿನ ಜಾಗ ಬೇರೆ ಇತ್ತು. ಆತ ಕಂಬಿಯನ್ನು ಬಗ್ಗಿಸಿ ಸಿಕ್ಕಿಸಿದ್ದ. ಥ್ರಾಟಲ್ ಪೂರ್ತಿ ಮುಚ್ಚುತ್ತಿರಲಿಲ್ಲ. ಲೋಡ್ ಇದ್ದಾಗ ಅದು ಯಾರಿಗೂ ಕಾಣಲಿಲ್ಲ.

ಆದ್ದರಿಂದ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ: ಕಂಬಿ ಯಾವ ತೂತಿನಲ್ಲಿದೆ, ಸ್ಪ್ರಿಂಗು ಯಾವುದರಲ್ಲಿ, ಗ್ಯಾಸ್ಕೆಟ್ಟುಗಳು ಯಾವ ಕ್ರಮದಲ್ಲಿ. ಎಂಜಿನ್ ತಣ್ಣಗಾಗಿರಲಿ, ಪೆಟ್ರೋಲ್ ಕಾಕ್ ಮುಚ್ಚಿರಲಿ, ಹತ್ತಿರ ಗ್ಯಾಸ್ ಒಲೆ ಬೇಡ. ಹಳೆಯದನ್ನು ಪಕ್ಕದಲ್ಲಿಟ್ಟು ಅಳತೆ ನೋಡಿಯೇ ಹೊಸದನ್ನು ಕೊಳ್ಳಿ. ಗವರ್ನರ್ ತೋಳಿನ ಬೋಲ್ಟನ್ನು ಸುಮ್ಮನೆ ಸಡಿಲಿಸಬೇಡಿ. ಅದು ಸಡಿಲವಾದರೆ ಮತ್ತೆ ಸೆಟ್ಟಿಂಗ್ ಮಾಡಬೇಕು. ಜೋಡಿಸಿದ ಮೇಲೆ ಬೆರಳಿನಿಂದ ಆಡಿಸಿ. ಎರಡೂ ತುದಿಗೆ ತಡೆಯಿಲ್ಲದೆ ಹೋಗಬೇಕು.

ಮೊದಲ ಸಲ ಚಾಲೂ ಮಾಡುವಾಗ ಏನನ್ನೂ ಹಚ್ಚಬೇಡಿ. ಸದ್ದು ಏರುತ್ತಲೇ ಹೋದರೆ ಕೂಡಲೇ ಸ್ವಿಚ್ ಆಫ್ ಮಾಡಿ. ಮೀಟರಿನಲ್ಲಿ ವೋಲ್ಟೇಜು 230ರ ಆಸುಪಾಸಿನಲ್ಲಿದ್ದರೆ ಒಂದು ಹಳೆಯ ಬಲ್ಬು ಹಚ್ಚಿ, ಆಮೇಲೆ ದೊಡ್ಡ ಲೋಡ್ ಕೊಟ್ಟು, ಒಮ್ಮೆಲೇ ತೆಗೆದು ನೋಡಿ. ಕ್ಷಣ ತಡೆದು ಎಂಜಿನ್ ತನ್ನ ಹಳೆಯ ಸದ್ದಿಗೆ ಮರಳಬೇಕು. ಭಾವನವರಲ್ಲಿ ಈ ಕೊನೆಯ ಪರೀಕ್ಷೆಯನ್ನೇ ಮಾಡಿರಲಿಲ್ಲ.

ಇದೆಲ್ಲ ಬಯಲಲ್ಲಿ ನಡೆಯಲಿ. ಮೆಟ್ಟಿಲ ಕೆಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಬೇಡವೇ ಬೇಡ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.